ಬೆಟ್ಟಿ ಹಾರ್ಟ್: ಪಾಠದ ಮೇಜಿನಿಂದ ಮನೆಯೊಳಗಿನ ಮಾತಿನವರೆಗೆ

ಪಾಠದ ಹೊತ್ತಿನಲ್ಲಿ ಮಕ್ಕಳು ಬಣ್ಣಗಳ ಹೆಸರು ಹೇಳುತ್ತಿದ್ದರು. ಟೀಚರ್ ಕೆಂಪು ವಸ್ತು ತೋರಿಸಿದರೆ ಕೆಂಪು, ನೀಲಿ ತೋರಿಸಿದರೆ ನೀಲಿ. ದಿನದಿಂದ ದಿನಕ್ಕೆ ಸರಿ ಉತ್ತರಗಳು ಹೆಚ್ಚಾಗುತ್ತಲೂ ಇದ್ದವು. ಅದೇ ಮಕ್ಕಳನ್ನು ಆಟಕ್ಕೆ ಬಿಟ್ಟಾಗ ಮಾತ್ರ ಕಲಿತ ಪದಗಳು ಬಾಯಿಂದ ಹೊರಡುತ್ತಲೇ ಇರಲಿಲ್ಲ. ಆಟಿಕೆ ಬೇಕಾದರೆ ಕೈ ಚಾಚುತ್ತಿದ್ದರು, ಇಲ್ಲವೇ ಬರೀ ವಸ್ತುವಿನ ಹೆಸರು ಹೇಳುತ್ತಿದ್ದರು. ಕಲಿಸಿದ್ದು ಪಾಠದ ಜಾಗದಲ್ಲೇ ಉಳಿದುಬಿಡುತ್ತಿತ್ತು.

ಇದು 1960ರ ದಶಕದ ನಡುವಿನ ಮಾತು. ಜಾಗ ಅಮೆರಿಕದ ಕಾನ್ಸಾಸ್ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿದ್ದ ಟರ್ನರ್ ಹೌಸ್ ಎಂಬ ಶಿಶುವಿಹಾರ. ಮಕ್ಕಳು ನಾಲ್ಕೈದು ವರ್ಷದವರು, ಬಡ ಕುಟುಂಬಗಳಿಂದ ಬಂದವರು. ಅವರ ಮಾತುಗಳನ್ನು ಕಿವಿಗೊಟ್ಟು ಕೇಳಿ, ಒಂದೊಂದನ್ನೂ ಬರೆದು ಎಣಿಸುತ್ತಿದ್ದವರು ಬೆಟ್ಟಿ ಹಾರ್ಟ್. 1927ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಈಕೆಯ ಹೆಸರು ಈಗ ಹೆಚ್ಚಿನವರಿಗೆ ಗೊತ್ತಿರುವುದು ‘ಮೂರು ಕೋಟಿ ಪದಗಳ ಅಂತರ’ ಎಂಬ ಒಂದೇ ಒಂದು ಅಂಕಿಯಿಂದ, ಅಂದರೆ ಉಳ್ಳವರ ಮನೆಯ ಮಗು ಕೇಳುವ ಪದಗಳಿಗೂ ಬಡವರ ಮನೆಯ ಮಗು ಕೇಳುವ ಪದಗಳಿಗೂ ನಡುವೆ ಇದೆ ಎನ್ನಲಾದ ವ್ಯತ್ಯಾಸದಿಂದ. ಆ ಅಂಕಿಯಿಂದ ಅವರ ಕೆಲಸಕ್ಕೆ ಒಳ್ಳೆಯದಕ್ಕಿಂತ ಹೆಚ್ಚು ಅನ್ಯಾಯವೇ ಆಗಿದೆ ಎಂದು ನಾನು ನಂಬಿದ್ದೇನೆ. ವರ್ತನೆಯನ್ನು ಅಳೆದು, ಅದರ ಹಿಂದೆಮುಂದೆ ನಡೆಯುವುದನ್ನು ಬದಲಿಸಿ ಅದನ್ನು ತಿದ್ದುವ ಅನ್ವಯಿಕ ವರ್ತನಾ ವಿಶ್ಲೇಷಣೆ (ಎಬಿಎ) ಎಂಬ ಶಾಸ್ತ್ರ ಕಣ್ಣು ಬಿಡುತ್ತಿದ್ದ ದಿನಗಳಿಂದಲೂ ಅವರು ಅದರೊಳಗಿದ್ದರು. ಅಲ್ಲಿ ಅವರು ಬಿಡಿಸಲು ಹೊರಟ ಗಂಟು ಬಣ್ಣದ ಪದಗಳ ಈ ಗಂಟೇ. ಕಲಿಸಿದ್ದು ಮಗುವಿನ ದಿನದೊಳಕ್ಕೆ ಯಾಕೆ ಇಳಿಯುವುದಿಲ್ಲ? ಅವರ ವೃತ್ತಿಬದುಕನ್ನು ಒಂದು ಪ್ರಕರಣವಾಗಿ ಇಲ್ಲಿ ನೋಡುತ್ತಿರುವುದು ಈ ಪ್ರಶ್ನೆಗಾಗಿ.

ಸಿಯಾಟಲ್: ಅಳುವನ್ನು ಎಣಿಸಿದ್ದು

ಟರ್ನರ್ ಹೌಸ್‌ಗೆ ಬರುವ ಮೊದಲು ಹಾರ್ಟ್ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಶಿಶುವಿಹಾರದಲ್ಲಿ ಟೀಚರ್ ಆಗಿದ್ದರು. ಫ್ಲಾರೆನ್ಸ್ ಹ್ಯಾರಿಸ್ ಅದರ ಮುಖ್ಯಸ್ಥೆ. ಐಲೀನ್ ಆಲೆನ್, ಜೋನ್ ಬ್ಯುಯೆಲ್ ಜೊತೆಗಿದ್ದ ಟೀಚರ್‌ಗಳು. ಮಾಂಟ್ರೋಸ್ ವುಲ್ಫ್ ಎಂಬ ತರುಣ ಮನೋವಿಜ್ಞಾನಿ ಅವರೊಡನೆ ಸೇರಿಕೊಂಡಿದ್ದರು. ಎಬಿಎ ಚರಿತ್ರೆಯನ್ನು ಹೇಳುವಾಗ ವುಲ್ಫ್ ಹೆಸರು ಮೊದಲು ಬರುತ್ತದೆ, ಟೀಚರ್‌ಗಳ ಹೆಸರು ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಆದರೆ ಆ ಪ್ರಯೋಗಗಳಲ್ಲಿ ಮಗುವಿನ ಪಕ್ಕದಲ್ಲಿ ನಿಂತವರು, ಯಾವ ಕ್ಷಣದಲ್ಲಿ ತಿರುಗಿ ನೋಡಬೇಕು, ಯಾವ ಕ್ಷಣದಲ್ಲಿ ನೋಡಬಾರದು ಎಂಬುದನ್ನು ನಡೆಸಿ ತೋರಿಸಿದವರು ಈ ಹೆಂಗಸರು.

1964ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾರ್ಟ್ ಮೊದಲ ಲೇಖಕಿ. ವಿಷಯ ನಾಲ್ಕು ವರ್ಷದ ಇಬ್ಬರು ಹುಡುಗರ ಅಳು. ಪ್ರಬಂಧದಲ್ಲಿ ಬಿಲ್ ಎಂದು ಕರೆದ ಹುಡುಗ ಒಂದು ಬೆಳಗ್ಗೆಯಲ್ಲಿ ಐದರಿಂದ ಹತ್ತು ಸಲ ಅಳುತ್ತಿದ್ದ. ಟೀಚರ್‌ಗಳು ಅವನನ್ನು ಗಮನಿಸಿದಾಗ ಒಂದು ಸೂಕ್ಷ್ಮ ಕಂಡಿತು. ಅಳುವ ಮೊದಲು ಅವನು ಒಂದು ಕ್ಷಣ ಸುತ್ತ ನೋಡುತ್ತಿದ್ದ. ಹತ್ತಿರದ ಟೀಚರ್ ಕಣ್ಣಿಗೆ ಬಿದ್ದ ಮೇಲೆ ಸಣ್ಣಗೆ ಶುರುಮಾಡುತ್ತಿದ್ದ, ಯಾರೂ ಗಮನ ಕೊಡದಿದ್ದರೆ ದನಿ ಏರುತ್ತಿತ್ತು. ಬಿದ್ದು ನಿಜವಾಗಿ ಪೆಟ್ಟಾದಾಗ ಅಳುವ ಅಳು ಬೇರೆ, ಇದು ಬೇರೆ. ಮೊದಲನೆಯದು ನೋವಿನಿಂದ ಹುಟ್ಟುತ್ತದೆ. ಎರಡನೆಯದನ್ನು ಅದರ ಹಿಂದೆಯೇ ಬರುವ ಟೀಚರ್‌ನ ಸಾಂತ್ವನ ಬೆಳೆಸುತ್ತದೆ.

ಅಳು ಎಂದರೇನು ಎಂಬುದಕ್ಕೆ ಅವರು ಅಳತೆ ಇಟ್ಟರು: ಕನಿಷ್ಠ 50 ಅಡಿ ದೂರಕ್ಕೆ ಕೇಳಬೇಕು, 5 ಸೆಕೆಂಡಿಗಿಂತ ಕಡಿಮೆ ಇರಬಾರದು. ಟೀಚರ್ ಜೇಬಿನಲ್ಲಿ ಒಂದು ಪುಟ್ಟ ಎಣಿಕೆ ಯಂತ್ರ. ಪ್ರತಿ ಅಳುವಿಗೂ ಒಂದು ಒತ್ತು. ಹತ್ತು ದಿನ ಎಂದಿನಂತೆ ನಡೆದುಕೊಂಡು ಬರೀ ಎಣಿಸಿದರು. ಆಮೇಲೆ ಎರಡನೆಯ ಬಗೆಯ ಅಳುವಿಗೆ ಯಾರೂ ತಿರುಗಿ ನೋಡಲಿಲ್ಲ. ಆದರೆ ಸಣ್ಣಪುಟ್ಟ ಪೆಟ್ಟು, ಜಗಳಗಳಾದಾಗ ಅಳುವ ಬದಲು ಮಾತಿನಲ್ಲಿ ಹೇಳಿಕೊಂಡರೆ ಕೂಡಲೇ ಹತ್ತಿರ ಹೋಗಿ ಮೆಚ್ಚುಗೆ ತೋರಿಸಿದರು. ಐದು ದಿನದೊಳಗೆ ಬಿಲ್‌ನ ಅಳು ದಿನಕ್ಕೆ ಸೊನ್ನೆಯಿಂದ ಎರಡರ ನಡುವೆ ನಿಂತಿತು.

ಮುಂದಿನ ಹೆಜ್ಜೆಯನ್ನು ಓದುವಾಗ ನನಗೆ ಪ್ರತಿ ಸಲವೂ ಕಸಿವಿಸಿಯಾಗುತ್ತದೆ. ಕಡಿಮೆಯಾಗಿದ್ದು ಟೀಚರ್‌ನ ಗಮನ ಬದಲಾದದ್ದರಿಂದಲೇ ಎಂದು ಸಾಬೀತುಪಡಿಸಲು, ಅವರು ಹಳೆಯ ರೀತಿಗೆ ಮರಳಿದರು. ಮುಖ ಸಪ್ಪಗೆ ಮಾಡಿದರೂ ಸಾಕು, ಗಮನ ಕೊಟ್ಟರು. ಅಳು ಮರಳಿ ಬಂತು. ಮತ್ತೆ ರೀತಿ ಬದಲಿಸಿದರು, ಅಳು ಮತ್ತೆ ಇಳಿಯಿತು. ವಿಜ್ಞಾನವಾಗಿ ಇದು ಗಟ್ಟಿ ಪುರಾವೆ, ಅನುಮಾನವಿಲ್ಲ. ಆದರೆ ನಿಂತಿದ್ದ ಅಳುವನ್ನು ಮತ್ತೆ ಎಬ್ಬಿಸಿದ್ದು ಮಗುವಿನ ಒಳಿತಿಗಲ್ಲ, ಪುರಾವೆಯ ಅಗತ್ಯಕ್ಕೆ. ಮುಂದಿನ ದಶಕಗಳಲ್ಲಿ ಈ ಕ್ಷೇತ್ರ, ಹಿಂದಕ್ಕೆ ಹೋಗದೆಯೇ ಸಾಬೀತುಪಡಿಸುವ ವಿನ್ಯಾಸಗಳನ್ನು ಹೆಚ್ಚು ಹೆಚ್ಚಾಗಿ ಬಳಸಿತು. ಒಂದಾದ ಮೇಲೊಂದು ಕೌಶಲಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಕಲಿಕೆ ಶುರುಮಾಡಿ, ಯಾವುದು ಯಾವಾಗ ಏರುತ್ತದೆ ಎಂದು ನೋಡುವ ಕ್ರಮ ಅದು. ಹಾರ್ಟ್ ಅವರ 1975ರ ಅಧ್ಯಯನವೂ ಅದೇ ಕ್ರಮದ್ದು.

ಅಳುವಿನ ಪ್ರಕರಣದಿಂದ ಹಾರ್ಟ್ ಅವರಿಗೆ ಎರಡು ವಿಷಯ ದಕ್ಕಿದವು. ದೊಡ್ಡವರ ಗಮನಕ್ಕೆ ಎಷ್ಟು ಬಲವಿದೆ ಎಂಬುದು ಒಂದು. ಮಗುವಿಗೆ ಅಳುವಿನ ಜಾಗದಲ್ಲಿ ಮಾತು ಕೊಡಬೇಕು ಎಂಬುದು ಇನ್ನೊಂದು. ಆ ಅಧ್ಯಯನದ ಬಗ್ಗೆ ಬರೆಯುವವರು ಅಳುವನ್ನು ಕಡೆಗಣಿಸಿದ್ದನ್ನಷ್ಟೇ ಹೇಳಿ ಮುಗಿಸುತ್ತಾರೆ. ಬಿಲ್ ಮಾತಾಡಿದಾಗಲೆಲ್ಲ ಟೀಚರ್ ಓಡಿಹೋಗಿ ನಿಂತದ್ದು ಅಷ್ಟೇ ಮುಖ್ಯ.

ಟರ್ನರ್ ಹೌಸ್: ಪಾಠ ಸೋತ ಜಾಗ

1965ರ ಹೊತ್ತಿಗೆ ಆ ಗುಂಪಿನ ಹಲವರು ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. ಹಾರ್ಟ್ ಕೂಡ ಬಂದರು, ಅಲ್ಲೇ ಪಿಎಚ್‌ಡಿ ಮುಗಿಸಿದರು. ಆಗಷ್ಟೇ, 1964ರಲ್ಲಿ, ಕಾನ್ಸಾಸ್ ಸಿಟಿಯ ಈಶಾನ್ಯ ಭಾಗದ ನಿವಾಸಿಗಳೂ ವಿಶ್ವವಿದ್ಯಾಲಯದವರೂ ಕೂಡಿ ಜೂನಿಪರ್ ಗಾರ್ಡನ್ಸ್ ಚಿಲ್ಡ್ರನ್ಸ್ ಪ್ರಾಜೆಕ್ಟ್ ಕಟ್ಟಿದ್ದರು. ಅದು ಆರಂಭವಾದದ್ದು ಒಂದು ಮದ್ಯದಂಗಡಿಯ ನೆಲಮಾಳಿಗೆಯಲ್ಲಿ. ಟರ್ನರ್ ಹೌಸ್ ಶಿಶುವಿಹಾರ ಈ ಯೋಜನೆಯ ಭಾಗ. ಅಲ್ಲಿ ಹಾರ್ಟ್ ಅವರ ಜೊತೆಗಾರ ಟಾಡ್ ರಿಸ್ಲಿ. ಇಬ್ಬರ ಹೆಸರೂ ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷ ಒಟ್ಟಿಗೇ ಅಚ್ಚಾದವು.

ಮಕ್ಕಳ ಮಾತಿನಲ್ಲಿ ವಿಶೇಷಣಗಳು ಕಡಿಮೆ ಎಂದು ಅವರು ಗುರುತಿಸಿದ್ದರು. ಆ ಕಾಲದ ನಂಬಿಕೆ ಸರಳವಾಗಿತ್ತು: ಮಕ್ಕಳನ್ನು ಒಳ್ಳೆಯ ಶಿಶುವಿಹಾರದಲ್ಲಿ ಕೂರಿಸಿ, ಹೊಸ ವಸ್ತು, ಹೊಸ ಅನುಭವ ಕೊಡಿ, ಆಗಾಗ ಹೊಗಳಿ, ಭಾಷೆ ತಾನಾಗಿ ಬೆಳೆಯುತ್ತದೆ. ಹಾರ್ಟ್ ಮತ್ತು ರಿಸ್ಲಿ ಇದನ್ನು ಎಣಿಸಿ ನೋಡಿದರು. ಶಿಶುವಿಹಾರಕ್ಕೆ ಬರುವುದರಿಂದಷ್ಟೇ ಆಟದ ಮಾತಿನಲ್ಲಿ ವಿಶೇಷಣಗಳು ಹೆಚ್ಚಲಿಲ್ಲ. ಟೀಚರ್ ಆಗಾಗ ಹೊಗಳಿದ್ದರಿಂದಲೂ ಹೆಚ್ಚಲಿಲ್ಲ. ಗುಂಪಿನಲ್ಲಿ ಕೂರಿಸಿ ಬಣ್ಣ, ಸಂಖ್ಯೆಗಳನ್ನು ಕಲಿಸಿದಾಗ ಪಾಠದೊಳಗೆ ಏರಿಕೆ ಚೆನ್ನಾಗಿಯೇ ಕಂಡಿತು, ಆಟದ ಹೊತ್ತಿಗೆ ದಾಟಲಿಲ್ಲ.

ಪಾಠದ ಅಂಕಿಗಳನ್ನಷ್ಟೇ ಪ್ರಕಟಿಸಿದ್ದರೆ ಅದೊಂದು ಯಶಸ್ಸಿನ ವರದಿಯಾಗುತ್ತಿತ್ತು. ಹಾಗೆ ಎಷ್ಟೋ ಕಾರ್ಯಕ್ರಮಗಳು ಇವತ್ತಿಗೂ ತಮ್ಮ ಯಶಸ್ಸನ್ನು ಅಳೆದುಕೊಳ್ಳುತ್ತವೆ, ಕಲಿಸಿದ ಜಾಗದಲ್ಲೇ ಪರೀಕ್ಷೆ ಮಾಡಿ. ಹಾರ್ಟ್ ಅವರ ದೊಡ್ಡತನ ಇರುವುದು ಅವರು ಆಟದ ಹೊತ್ತಿನಲ್ಲಿ ಹಾಳೆ ಹಿಡಿದು ಕುಳಿತದ್ದರಲ್ಲಿ.

ಕೊನೆಗೆ ಫಲ ಕೊಟ್ಟದ್ದು ಪಾಠವನ್ನೇ ಆಟದೊಳಕ್ಕೆ ತಂದದ್ದು. ಮಗು ಆಟದ ಸಾಮಾನು ಕೇಳಿದಾಗ, ಬಣ್ಣ ಸೇರಿಸಿ ಹೇಳಿದರೆ ಅದು ಕೈಗೆ ಸಿಗುತ್ತಿತ್ತು. ಬಹುಮಾನವಾಗಿ ಹೊರಗಿನ ಮಿಠಾಯಿಯಲ್ಲ, ಮಗು ಆ ಕ್ಷಣದಲ್ಲಿ ಬಯಸಿದ ವಸ್ತುವೇ. ಎಲ್ಲ ಮಕ್ಕಳ ಸಹಜ ಮಾತಿನಲ್ಲೂ ಬಣ್ಣದ ಪದಗಳು ಎದ್ದು ಕಾಣುವಷ್ಟು ಹೆಚ್ಚಾದವು. ಈ ಅಧ್ಯಯನ ಬಂದದ್ದು 1968ರಲ್ಲಿ, ಆ ವರ್ಷವೇ ಶುರುವಾದ ‘ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್’ ಪತ್ರಿಕೆಯ ಮೊದಲ ಸಂಪುಟದಲ್ಲಿ. ಅದೇ ಸಂಪುಟದಲ್ಲಿ ಮನೋವಿಜ್ಞಾನಿ ಡೊನಾಲ್ಡ್ ಬೇರ್, ವುಲ್ಫ್ ಮತ್ತು ರಿಸ್ಲಿ ಈ ಶಾಸ್ತ್ರದ ಲಕ್ಷಣಗಳನ್ನು ನಿರೂಪಿಸಿದ ಪ್ರಸಿದ್ಧ ಲೇಖನವೂ ಇದೆ. ಕಲಿಕೆ ಬೇರೆ ಸಂದರ್ಭಗಳಿಗೆ ಹರಡಲಿ ಎಂದು ಕಾಯುತ್ತ ಕೂರುವುದೂ ಬೇಡ, ಹರಡಲಿಲ್ಲ ಎಂದು ಹಲುಬುವುದೂ ಬೇಡ, ಹರಡುವಂತೆ ಯೋಜಿಸಬೇಕು ಎಂಬ ಅಭಿಪ್ರಾಯ ಅಲ್ಲಿ ಬರುತ್ತದೆ. ಟರ್ನರ್ ಹೌಸ್‌ನ ಬಣ್ಣದ ಪದಗಳು ಆ ಮಾತಿಗೆ ಜೀವಂತ ಉದಾಹರಣೆ.

ಸಾಂದರ್ಭಿಕ ಬೋಧನೆ

ಈ ಕೆಲಸ ಬೆಳೆದು ‘ಇನ್ಸಿಡೆಂಟಲ್ ಟೀಚಿಂಗ್’ ಎಂಬ ಹೆಸರು ಪಡೆಯಿತು. ಕನ್ನಡದಲ್ಲಿ ಸಾಂದರ್ಭಿಕ ಬೋಧನೆ ಎನ್ನಬಹುದು. ಕೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಮಗುವಿಗೆ ಇಷ್ಟವಾಗುವ ವಸ್ತುಗಳನ್ನು ಕಣ್ಣಿಗೆ ಕಾಣುವಂತೆ, ಆದರೆ ಕೈಗೆ ಎಟುಕದಂತೆ ಇಡುತ್ತಾರೆ. ದೊಡ್ಡವರು ಹತ್ತಿರದಲ್ಲೇ ಇರುತ್ತಾರೆ, ಆದರೆ ಮೊದಲು ಮಾತಾಡುವುದಿಲ್ಲ. ಮಗುವೇ ಶುರುಮಾಡಬೇಕು, ನೋಟದಿಂದಾದರೂ ಸರಿ, ಕೈ ಚಾಚಿಯಾದರೂ ಸರಿ. ಆಗ ದೊಡ್ಡವರು ಪೂರ್ತಿ ಗಮನ ಕೊಟ್ಟು, ಮಗುವಿಗೆ ಈಗ ಬರುವ ಮಾತಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿನದನ್ನು ಕೇಳುತ್ತಾರೆ. ಯಾವುದು ಬೇಕು? ಯಾಕೆ ಬೇಕು? ಉತ್ತರ ಬಾರದಿದ್ದರೆ ಸ್ವಲ್ಪ ಸುಳಿವು, ಆಗಲೂ ಬಾರದಿದ್ದರೆ ಪೂರ್ತಿ ಮಾತನ್ನೇ ಹೇಳಿಕೊಟ್ಟು ಮಗುವಿನಿಂದ ಹೇಳಿಸುತ್ತಾರೆ. ಹೇಳಿದ ಕೂಡಲೇ ವಸ್ತು ಮಗುವಿನ ಕೈಯಲ್ಲಿ. ಎಲ್ಲ ಸೇರಿ ಕೆಲವು ಸೆಕೆಂಡು. ಮಗುವಿಗೆ ಬೇಸರ ಬರುವ ಮೊದಲೇ ಮುಗಿದಿರಬೇಕು.

1975ರ ಅಧ್ಯಯನದಲ್ಲಿ 11 ಮಕ್ಕಳೊಡನೆ ಇದನ್ನು ಮೂರು ಮೆಟ್ಟಿಲಾಗಿ ಮಾಡಿದರು. ಮೊದಲು ವಸ್ತುವಿನ ಹೆಸರು, ಆಮೇಲೆ ಹೆಸರಿನ ಜೊತೆ ಅದನ್ನು ಬಣ್ಣಿಸುವ ಪದ, ಆಮೇಲೆ ಅದರಿಂದ ಏನು ಮಾಡುತ್ತೇನೆ ಎಂಬುದನ್ನೂ ಸೇರಿಸಿದ ಸಂಯುಕ್ತ ವಾಕ್ಯ. ಪ್ರತಿ ಮೆಟ್ಟಿಲು ಶುರುವಾದಾಗ ಆ ಬಗೆಯ ಮಾತು ಏರಿತು, ಮೇಲಿನ ಮೆಟ್ಟಿಲಿನದು ಅದರ ಸರದಿ ಬರುವವರೆಗೆ ಕಾಯಿತು. ಸಾಮಾನನ್ನು ಟೀಚರ್ ಬದಲು ಇನ್ನೊಂದು ಮಗುವಿನಿಂದ ಕೇಳಿ ಪಡೆಯಬೇಕು ಎಂದಾದಾಗ ಮಕ್ಕಳು ಪರಸ್ಪರ ಉದ್ದನೆಯ ವಾಕ್ಯಗಳಲ್ಲಿ ಮಾತಾಡತೊಡಗಿದರು. ಅದೇ ಮಕ್ಕಳ ದಾಖಲೆಗಳನ್ನು ಮತ್ತೆ ವಿಶ್ಲೇಷಿಸಿ 1980ರಲ್ಲಿ ಪ್ರಕಟಿಸಿದಾಗ ಹಾರ್ಟ್ ಮತ್ತು ರಿಸ್ಲಿ ನಿರೀಕ್ಷಿಸಿರದ ಸಂಗತಿಯೊಂದು ಹೊರಬಂತು. ಕಲಿಸಿದ ಬಗೆಯ ವಾಕ್ಯಗಳಷ್ಟೇ ಅಲ್ಲ, ಮಕ್ಕಳ ಒಟ್ಟು ಮಾತೂ, ಪದಸಂಪತ್ತೂ ಹೆಚ್ಚಿದ್ದವು.

ವಸ್ತುವನ್ನು ತಡೆಹಿಡಿದು ಮಾತು ಕೇಳುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಸಿದ ಮಗುವಿನ ಊಟವನ್ನೋ ಹೆದರಿದ ಮಗುವಿಗೆ ಬೇಕಾದ ಅಪ್ಪುಗೆಯನ್ನೋ ಹೀಗೆ ತಡೆದರೆ ಅದು ಕ್ರೌರ್ಯ. ಈ ವಿಧಾನವನ್ನು ಕೆಟ್ಟದಾಗಿ ಮಾಡುವುದು ತುಂಬ ಸುಲಭ. ಪ್ರತಿ ಕೈಚಾಚಿಗೂ ಪ್ರಶ್ನೆ ಹಾಕಿ ಕಾಡಿದರೆ ಮಗು ಕೇಳುವುದನ್ನೇ ಬಿಡುತ್ತದೆ. ಕೇಳುವುದು ನಿಂತರೆ ಕಲಿಸುವ ಸಂದರ್ಭವೇ ಹುಟ್ಟುವುದಿಲ್ಲ. ಆದ್ದರಿಂದ ಮಗು ಬಿಟ್ಟುಕೊಡುವ ಮೊದಲು ದೊಡ್ಡವರು ಬಿಟ್ಟುಕೊಡಬೇಕು. ಚೌಕಾಸಿ ಬೆಳೆಯಿತು ಎಂದರೆ ಬೋಧನೆ ನಿಂತಿತು ಎಂದೇ ಅರ್ಥ.

ಈ ವಿಧಾನ ಮುಂದೆ ಆಟಿಸಂ ಇರುವ ಮಕ್ಕಳ ಕಲಿಕೆಗೆ ಬಂತು. 1985ರಲ್ಲಿ ಗೇಲ್ ಮೆಗೀ, ಪೆಟ್ರೀಷಿಯಾ ಕ್ರಾಂಟ್ಜ್ ಮತ್ತು ಲಿನ್ ಮೆಕ್‌ಕ್ಲಾನಹನ್ ಎಂಬ ಮೂವರು ಮಹಿಳೆಯರು, ವಸ್ತು ಎಲ್ಲಿದೆ ಎಂದು ಹೇಳುವ ಮಾತುಗಳನ್ನು ಆಟಿಸಂ ಇರುವ ಮಕ್ಕಳಿಗೆ ಹೀಗೆ ಕಲಿಸಿ, ಸಾಂಪ್ರದಾಯಿಕ ಬೋಧನೆಗೆ ಹೋಲಿಸಿ ತೋರಿಸಿದರು. ಮೇಜಿನ ಎದುರು ಕೂರಿಸಿ ಪ್ರಶ್ನೆ-ಉತ್ತರ-ಬಹುಮಾನ ಎಂದು ಆವರ್ತಿಸುವ ಕ್ರಮವೇ ಎಬಿಎ ಎಂದು ತಿಳಿದವರು ಇವತ್ತಿಗೂ ಬಹಳ. ಅದೇ ಶಾಸ್ತ್ರದ ಒಳಗಿನಿಂದಲೇ, ಅದರ ಪತ್ರಿಕೆಯ ಮೊದಲ ವರ್ಷದಿಂದಲೇ, ಮಗುವಿನ ಬಯಕೆಯ ಹಿಂದೆ ಹೋಗುವ ಈ ದಾರಿಯೂ ಇತ್ತು.

ಗೆದ್ದದ್ದು ಉಳಿಯಲಿಲ್ಲ

ಇಲ್ಲಿಗೆ ನಿಲ್ಲಿಸಿದ್ದರೆ ಹಾರ್ಟ್ ಒಂದು ವಿಧಾನದ ಜನಕಿಯಾಗಿ ನೆಮ್ಮದಿಯಿಂದ ಇರಬಹುದಿತ್ತು. ಆದರೆ ಅವರೂ ರಿಸ್ಲಿಯೂ ಇನ್ನೊಂದು ಲೆಕ್ಕ ಇಟ್ಟಿದ್ದರು: ಮಗುವಿನ ಪದಸಂಪತ್ತು ಬೆಳೆಯುವ ವೇಗ. ಟರ್ನರ್ ಹೌಸ್ ಮಕ್ಕಳಿಗೆ ಹೊಸ ಪದಗಳನ್ನು ಕಲಿಸಬಹುದಿತ್ತು. ಕಲಿಸಿದಾಗ ಪದಗಳ ಸಂಖ್ಯೆ ಜಿಗಿಯುತ್ತಿತ್ತು. ಆಮೇಲೆ ಬೆಳವಣಿಗೆ ಹಳೆಯ ವೇಗಕ್ಕೇ ಇಳಿಯುತ್ತಿತ್ತು. ವಿಶ್ವವಿದ್ಯಾಲಯದ ಶಿಶುವಿಹಾರಕ್ಕೆ ಬರುತ್ತಿದ್ದ ಪ್ರಾಧ್ಯಾಪಕರ ಮಕ್ಕಳ ವೇಗ ಬೇರೆಯೇ ಇತ್ತು, ಮತ್ತು ವರ್ಷ ಕಳೆದಂತೆ ಎರಡು ಗೆರೆಗಳ ನಡುವಿನ ದೂರ ಹೆಚ್ಚುತ್ತಿತ್ತು. ಟರ್ನರ್ ಹೌಸ್‌ನಲ್ಲಿ ಗಳಿಸಿದ್ದು ಮಕ್ಕಳು ಮುಂದಿನ ಶಾಲೆಗೆ ಹೋದ ಮೇಲೆ ಕರಗುತ್ತಿತ್ತು.

ಇದನ್ನು ಅವರು ಬಚ್ಚಿಡಲಿಲ್ಲ, ಮಕ್ಕಳ ಮೇಲೂ ಹೊರಿಸಲಿಲ್ಲ. ನಾಲ್ಕು ವರ್ಷಕ್ಕೆ ಮಗು ಶಿಶುವಿಹಾರಕ್ಕೆ ಬರುವ ಹೊತ್ತಿಗೆ ಏನೋ ಆಗಲೇ ನೆಲೆಯೂರಿರುತ್ತದೆ ಎಂದುಕೊಂಡರು. ಆ ‘ಏನೋ’ ನಡೆಯುವುದು ಮನೆಯಲ್ಲಿ, ಮಾತು ಹುಟ್ಟುವ ದಿನಗಳಲ್ಲಿ. ಹಾಗಾದರೆ ನೋಡಬೇಕಾದದ್ದೂ ಅಲ್ಲೇ.

42 ಕುಟುಂಬಗಳು ಒಪ್ಪಿಕೊಂಡವು: ವೃತ್ತಿಪರ ವರ್ಗದ 13, ಮಧ್ಯಮ ಮತ್ತು ಕೆಳ ಆದಾಯದ 23 (ಇವನ್ನು ಒಟ್ಟಾಗಿ ಕಾರ್ಮಿಕ ಕುಟುಂಬಗಳು ಎಂದರು), ಸರ್ಕಾರದ ಕಲ್ಯಾಣ ನೆರವಿನಲ್ಲಿದ್ದ 6. ಮಗುವಿಗೆ ಏಳರಿಂದ ಒಂಬತ್ತು ತಿಂಗಳಾದಾಗ ಶುರುಮಾಡಿ ಮೂರು ವರ್ಷ ತುಂಬುವವರೆಗೆ, ತಿಂಗಳಿಗೊಮ್ಮೆ ಒಂದು ಗಂಟೆ, ವೀಕ್ಷಕರು ಮನೆಗೆ ಹೋಗಿ ಕೂತರು. ಧ್ವನಿಮುದ್ರಣದ ಜೊತೆಗೆ ಕೈಬರಹದ ಟಿಪ್ಪಣಿ. ಮನೆಯವರು ಎಂದಿನಂತೆ ಇರಬೇಕು, ವೀಕ್ಷಕರು ಮಾತಾಡಬಾರದು. 1,300 ಗಂಟೆಗೂ ಮಿಕ್ಕಿದ ದಾಖಲೆ ಸಂಗ್ರಹವಾಯಿತು. ಅದನ್ನು ಪದಪದವಾಗಿ ಬರಹಕ್ಕಿಳಿಸಿ, ಗುರುತು ಹಾಕಿ, ಕಂಪ್ಯೂಟರಿಗೆ ತುಂಬಿಸುವುದಕ್ಕೆ ವರ್ಷಗಟ್ಟಲೆ ಹಿಡಿಯಿತು. ಫಲಿತಾಂಶ ಪುಸ್ತಕವಾಗಿ ಬಂದದ್ದು 1995ರಲ್ಲಿ. ಆಗ ಹಾರ್ಟ್ ಅವರಿಗೆ 68ರ ಆಸುಪಾಸು.

ಗಂಟೆಗೆ ಮಗುವಿನ ಕಿವಿಗೆ ಬಿದ್ದ ಪದಗಳ ಸರಾಸರಿ: ವೃತ್ತಿಪರ ಕುಟುಂಬಗಳಲ್ಲಿ 2,153, ಕಾರ್ಮಿಕ ಕುಟುಂಬಗಳಲ್ಲಿ 1,251, ಕಲ್ಯಾಣ ನೆರವಿನ ಕುಟುಂಬಗಳಲ್ಲಿ 616. ‘ಮೂರು ಕೋಟಿ’ ಹುಟ್ಟಿದ್ದು ಇಲ್ಲಿಂದ. ವಾರಕ್ಕೆ 100 ಗಂಟೆ ಎಚ್ಚರ, ವರ್ಷಕ್ಕೆ 5,200 ಗಂಟೆ, ನಾಲ್ಕು ವರ್ಷ ಎಂದು ಗುಣಿಸಿದರೆ ಸುಮಾರು 4.5 ಕೋಟಿ ಒಂದು ಕಡೆ, 1.3 ಕೋಟಿ ಇನ್ನೊಂದು ಕಡೆ. ಅಂದರೆ ಅದು ಯಾರೂ ಎಣಿಸಿದ ಅಂಕಿಯಲ್ಲ, ತಿಂಗಳಿಗೊಂದು ಗಂಟೆಯನ್ನು ಇಡೀ ಬಾಲ್ಯಕ್ಕೆ ಹಿಗ್ಗಿಸಿ ಮಾಡಿದ ಅಂದಾಜು. ನಾಲ್ಕನೆಯ ವರ್ಷದಲ್ಲಂತೂ ವೀಕ್ಷಣೆಯೇ ನಡೆದಿರಲಿಲ್ಲ.

ಆಕ್ಷೇಪಗಳು ಗಟ್ಟಿಯಾಗಿಯೇ ಬಂದವು, ಬರಬೇಕಾಗಿಯೂ ಇತ್ತು. ಅತಿ ಬಡ ವರ್ಗವನ್ನು ಪ್ರತಿನಿಧಿಸಿದ್ದು ಆರೇ ಮನೆಗಳು, ಆ ಆರೂ ಕಪ್ಪು ಜನರ ಮನೆಗಳು. ವೃತ್ತಿಪರ ವರ್ಗದ ಹದಿಮೂರರಲ್ಲಿ ಅಂಥ ಮನೆ ಒಂದೇ. ಹೊರಗಿನವರೊಬ್ಬರು ಟಿಪ್ಪಣಿ ಹಿಡಿದು ಕೂತಾಗ ಎಲ್ಲ ಮನೆಗಳೂ ಒಂದೇ ರೀತಿ ಮಾತಾಡುತ್ತವೆಯೇ? ಕಲ್ಯಾಣ ಇಲಾಖೆಯ ಕಣ್ಣಿನಡಿ ಬದುಕುವ ತಾಯಿಗೆ ಆ ಮೌನ ವೀಕ್ಷಕ ಯಾರಂತೆ ಕಂಡಿರಬಹುದು? 2019ರಲ್ಲಿ ಡಗ್ಲಸ್ ಸ್ಪೆರ್ರಿ ಮತ್ತು ಸಂಗಡಿಗರು ಅಮೆರಿಕದ ಐದು ಸಮುದಾಯಗಳ ದಾಖಲೆಗಳನ್ನು ನೋಡಿ, ಮನೆಯ ಬೇರೆಯವರ ಮಾತನ್ನೂ ಮಗುವಿನ ಸುತ್ತ ನಡೆಯುವ ಮಾತನ್ನೂ ಲೆಕ್ಕಕ್ಕೆ ಹಿಡಿದರೆ ವರ್ಗಕ್ಕೂ ಪದಗಳ ಸಂಖ್ಯೆಗೂ ಹಾಗೆ ನೇರ ಸಂಬಂಧ ಕಾಣುವುದಿಲ್ಲ ಎಂದರು. ಇಡೀ ದಿನದ ಧ್ವನಿಮುದ್ರಣಗಳನ್ನು ಆಧರಿಸಿ 2017ರಲ್ಲಿ ಬಂದ ಅಂದಾಜಿನಲ್ಲಿ ಅಂತರ ಸುಮಾರು 40 ಲಕ್ಷಕ್ಕೆ ಇಳಿದಿತ್ತು. ಬಡ ತಾಯಂದಿರಿಗೆ ಮಾತಾಡಲು ಬರುವುದಿಲ್ಲ ಎಂಬ ಧ್ವನಿಯಲ್ಲಿ ಹಾರ್ಟ್ ಅವರ ಅಂಕಿಯನ್ನು ಬಳಸಿದ ಭಾಷಣಗಳಿಗೆ, ವರದಿಗಳಿಗೆ ಲೆಕ್ಕವಿಲ್ಲ. ಸಂಬಳ, ಸಮಯ, ಮನೆ, ಆರೋಗ್ಯ ಇವೆಲ್ಲವನ್ನೂ ಬದಿಗೆ ಸರಿಸಿ ಬಡತನದ ಹೊಣೆಯನ್ನು ತಾಯಿಯ ನಾಲಿಗೆಗೆ ಕಟ್ಟಿದ ಆ ಬಳಕೆ ಖಂಡನೀಯ.

ಆದರೆ ಆ ದಾಖಲೆಗಳಲ್ಲಿ ಇನ್ನೊಂದು ಸಂಗತಿ ಇತ್ತು. ನನ್ನ ಮಟ್ಟಿಗೆ ಮೂರು ಕೋಟಿಗಿಂತ ಅದೇ ದೊಡ್ಡದು, ಟರ್ನರ್ ಹೌಸ್‌ನ ಪ್ರಶ್ನೆಗೆ ನೇರ ಕೊಂಡಿಯೂ ಅದೇ. ಮನೆಗಳಲ್ಲಿ ಮಗುವಿನೊಡನೆ ನಡೆಯುವ ಮಾತು ಎರಡು ಬಗೆ. ಬಾ, ಕೂರು, ಬಾಯಿ ತೆಗಿ, ಅದನ್ನು ಮುಟ್ಟಬೇಡ ಎಂಬ ಕೆಲಸದ ಮಾತು ಒಂದು. ಈ ಮಾತಿನ ಪ್ರಮಾಣ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ವ್ಯತ್ಯಾಸವೆಲ್ಲ ಇದ್ದದ್ದು ಇನ್ನೊಂದು ಬಗೆಯಲ್ಲಿ, ಯಾವ ಕೆಲಸಕ್ಕೂ ಬೇಕಿಲ್ಲದ ಹೆಚ್ಚುವರಿ ಹರಟೆಯಲ್ಲಿ. ಮಗು ನೋಡಿದ್ದರ ಬಗ್ಗೆ, ನಿನ್ನೆ ಆದದ್ದರ ಬಗ್ಗೆ, ಮಗು ಹೊರಡಿಸಿದ ಸದ್ದಿಗೆ ಉತ್ತರವಾಗಿ ಆಡುವ ಮಾತು. ವಿಶೇಷಣಗಳು, ಹಿಂದಿನ ಕಾಲದ ಕ್ರಿಯಾಪದಗಳು, ಮೆಚ್ಚುಗೆ ಎಲ್ಲ ತಾವಾಗಿ ಬರುವುದು ಆ ಹರಟೆಯಲ್ಲೇ. ವರ್ಗಕ್ಕಿಂತ ಹೆಚ್ಚಾಗಿ ಈ ಹರಟೆಯ ಪ್ರಮಾಣವೇ ಮಗುವಿನ ಮುಂದಿನ ಭಾಷೆಗೆ ಸಂಬಂಧಿಸಿದೆ ಎಂದು ಹಾರ್ಟ್ ಮತ್ತು ರಿಸ್ಲಿ ವಾದಿಸಿದರು. ಕಾರ್ಮಿಕ ಕುಟುಂಬಗಳ ಒಳಗೇ ಅಜಗಜಾಂತರ ಇತ್ತು, ಹರಟುವ ಮನೆಗಳಿದ್ದವು, ಮೌನದ ಮನೆಗಳಿದ್ದವು.

ಸಾಂದರ್ಭಿಕ ಬೋಧನೆಯೂ ಈ ಹರಟೆಯೂ ಒಂದೇ ನೆಲದಲ್ಲಿ ಹುಟ್ಟುತ್ತವೆ: ಮಗು ಮೊದಲು ಏನನ್ನೋ ಬಯಸುತ್ತದೆ, ನೋಡುತ್ತದೆ, ಸದ್ದು ಮಾಡುತ್ತದೆ, ದೊಡ್ಡವರು ಅದರ ಬೆನ್ನು ಹಿಡಿದು ಹೋಗುತ್ತಾರೆ. 1999ರಲ್ಲಿ ಇಬ್ಬರೂ ಬರೆದ ಎರಡನೆಯ ಪುಸ್ತಕ ಅಂಕಿಗಳಿಗಿಂತ ಇದನ್ನೇ ಹಿಡಿದು ಹೊರಟಿತು. ಮಗು ಮಾತು ಕಲಿಯುವ ಹೊತ್ತಿನಲ್ಲಿ ಮನೆಯವರೊಡನೆ ನಡೆಯುವ ಕೊಡುಕೊಳ್ಳುವಿಕೆ ಅದರ ವಸ್ತು. ಅದನ್ನು ಓದಿದವರು ಕಡಿಮೆ.

ಈಗ ಮಗುವಿನ ಅಂಗಿಯ ಜೇಬಿನಲ್ಲಿಡುವ ಪುಟ್ಟ ಸಾಧನಗಳು ದಿನವಿಡೀ ಮಾತನ್ನು ದಾಖಲಿಸಿ ಪದಗಳ ಸಂಖ್ಯೆಯನ್ನು ತಾವೇ ಅಂದಾಜು ಮಾಡುತ್ತವೆ. ಮಗು ಒಮ್ಮೆ, ದೊಡ್ಡವರು ಒಮ್ಮೆ ಎಂದು ಸರದಿಯಂತೆ ನಡೆಯುವ ಮಾತನ್ನೂ ಎಣಿಸುತ್ತವೆ. 2018ರ ಒಂದು ಅಧ್ಯಯನ, ಕೇಳಿದ ಪದಗಳ ಸಂಖ್ಯೆಗಿಂತ ಇಂಥ ಸರದಿಗಳ ಸಂಖ್ಯೆಯೇ ಮಕ್ಕಳ ಮೆದುಳಿನ ಭಾಷಾ ಭಾಗದ ಚಟುವಟಿಕೆಯೊಡನೆ ಹೆಚ್ಚು ಹೊಂದುತ್ತದೆ ಎಂದು ಕಂಡುಕೊಂಡಿತು. ಹಾರ್ಟ್ ತಂಡಕ್ಕೆ ವರ್ಷಗಳು ಹಿಡಿದ ಎಣಿಕೆ ಈಗ ದಿನ ಮುಗಿಯುವುದರೊಳಗೆ ಸಿಗುತ್ತದೆ. ಆದರೆ ಆಡಿದ್ದು ಕೆಲಸದ ಮಾತೋ ಹರಟೆಯೋ, ದೊಡ್ಡವರು ಮಗುವಿನ ಬಯಕೆಯ ಹಿಂದೆ ಹೋದರೋ ತಮ್ಮ ಬಯಕೆಯ ಹಿಂದೆ ಎಳೆದರೋ ಎಂಬುದು ಆ ಎಣಿಕೆಯಿಂದ ತಿಳಿಯುವುದಿಲ್ಲ. ಅದಕ್ಕೆ ಧ್ವನಿಮುದ್ರಣ ಹಾಕಿಕೊಂಡು, ಮಾತುಮಾತನ್ನೂ ಬರೆದು, ಗುರುತು ಹಾಕುತ್ತ ಹೋಗುವವರು ಈಗಲೂ ಬೇಕು.